ಕಟ್ಟಕಡೆಗೆ ತೆರೆದ ಬಾಗಿಲು

ಸಾಂಕ್ರಾಮಿಕ ವ್ಯಾಧಿಯ ಅನುಭವ ಮೈಸೂರಿಗೆ ಹೊಸದಲ್ಲ. 1898ರಲ್ಲಿ ಸಂಸ್ಥಾನದೊಳಕ್ಕೆ ಕಾಲಿರಿಸಿದ ಪ್ಲೇಗು ಮತ್ತೆಮತ್ತೆ ಮರಳಿ ಬಂದು ಅನೇಕ ಮನೆಗಳನ್ನು ಬರಿದು ಮಾಡಿದುದೂ, ಆ ಭೀತಿಯ ಫಲವಾಗಿಯೇ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯು ಸ್ಥಾಪಿತವಾಗಿ, ಇಕ್ಕಟ್ಟಾದ ಕೇರಿಗಳ ಬದಲು ಗಾಳಿ ಬೆಳಕುಗಳಿಗೆ ಎಡೆಯುಳ್ಳ ಹೊಸ ಬಡಾವಣೆಗಳು ಹುಟ್ಟಿಕೊಂಡುದೂ, ಇಂದು ಅವೇ ಬಡಾವಣೆಗಳ ವಿಶಾಲವಾದ ರಸ್ತೆಗಳಲ್ಲಿ ಓಡಾಡುವ ನಮ್ಮಲ್ಲಿ ಬಹುಮಂದಿಗೆ ನೆನಪಿಲ್ಲ. ಮನೆಯಲ್ಲಿ ಇಲಿ ಸತ್ತು ಬಿದ್ದಿತೆಂದರೆ ಸಾಕು, ಸಂಸಾರವು ಬಾಗಿಲಿಗೆ ಬೀಗ ಹಾಕಿ, ಪಾತ್ರೆ ಪಡಗಗಳನ್ನು ಗಾಡಿಗೆ ಹೇರಿಕೊಂಡು, ಊರ ಹೊರಗಿನ ಬಯಲಿನಲ್ಲಿ ಗುಡಿಸಲು ಕಟ್ಟಿಕೊಂಡು, ರೋಗ ಇಳಿಯುವವರೆಗೆ ಅಲ್ಲಿಯೇ ಬಿಡಾರ ಮಾಡುತ್ತಿದ್ದಿತು. ಆ ಕಾಲವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಆ ಬಯಲುಗಳಲ್ಲಿ ತಾಯಿಯನ್ನೂ ತಂದೆಯನ್ನೂ ಕಳೆದುಕೊಂಡ ಮಕ್ಕಳೆಷ್ಟೋ. ಆದರೂ ಸಾವಿನ ನೆರಳಿನಲ್ಲಿಯೇ ಆಗಲಿ, ಆ ಮಕ್ಕಳಿಗೆ ತಲೆಯ ಮೇಲೆ ಆಕಾಶವಿದ್ದಿತು, ಹತ್ತಲು ಮರವಿದ್ದಿತು, ಕೂಗಿದರೆ ಓಗೊಡುವಷ್ಟು ಹತ್ತಿರದಲ್ಲಿ ಪಕ್ಕದ ಗುಡಿಸಲಿನ ಮಕ್ಕಳಿದ್ದರು.

2020ರಲ್ಲಿ ಬಂದ ಕೊರೋನಾ ಇದಕ್ಕೆ ನೇರ ವಿರುದ್ಧವಾದ ಪಥ್ಯವನ್ನು ವಿಧಿಸಿತು. ಪ್ಲೇಗು ಜನರನ್ನು ಮನೆಯಿಂದ ಹೊರಗೆ ಅಟ್ಟಿದರೆ ಈ ರೋಗವು ಮನೆಯೊಳಗೆ ಕೂಡಿಹಾಕಿತು. ಮಾರ್ಚ್ 25, ಶಾರ್ವರಿ ಸಂವತ್ಸರದ ಯುಗಾದಿಯ ದಿನವೇ, ದೇಶಕ್ಕೆ ದೇಶವೇ ಬಾಗಿಲು ಮುಚ್ಚಿಕೊಂಡಿತು. ಶಾಲೆಗಳಂತೂ ಅದಕ್ಕೆ ಹತ್ತು ಹನ್ನೆರಡು ದಿನ ಮೊದಲೇ ಮುಚ್ಚಿದ್ದುವು. ಪರೀಕ್ಷೆ ತಪ್ಪಿತೆಂದು ಮೊದಲ ವಾರ ಕುಣಿದಾಡಿದ ಚಿಕ್ಕ ಮಕ್ಕಳು, ಬೇಸಗೆಯ ರಜೆ ಮುಗಿದು, ಮಳೆಗಾಲ ಕಳೆದು, ದಸರಾ ದೀಪಾವಳಿಗಳು ಹೋಗಿ, ಇನ್ನೊಂದು ಬೇಸಗೆಯೂ ಇನ್ನೊಂದು ಮಳೆಗಾಲವೂ ಸರಿದ ಮೇಲೆ ಮರಳಿ ತರಗತಿಯ ಮಣೆಯ ಮೇಲೆ ಕುಳಿತರು. ಈ ಅವಧಿಯಲ್ಲಿ ಪಾಠಗಳು ಹಿಂದೆ ಬಿದ್ದುವೆಂಬುದನ್ನು ಎಲ್ಲರೂ ಹೇಳಿದ್ದಾರೆ. ನಾನು ಹೇಳಬೇಕೆಂದಿರುವುದು ಬೇರೊಂದು ನಷ್ಟದ ಮಾತು: ಸಮವಯಸ್ಕರ ಸಹವಾಸವೆಂಬ ಆಹಾರವಿಲ್ಲದೆ ಬೆಳೆಯಬೇಕಾಗಿ ಬಂದ ಮನಸ್ಸುಗಳ ಮಾತು.

ಮೈಸೂರಿನಲ್ಲಿ ಈ ಸಂಕಟಕ್ಕೆ ಆರಂಭದಲ್ಲಿಯೇ ಒಂದು ವಿಶೇಷ ತೀಕ್ಷ್ಣತೆ ಬಂದಿತು. ಮಾರ್ಚ್ ತಿಂಗಳ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಸೋಂಕು ಕಾಣಿಸಿಕೊಂಡು, ಜಿಲ್ಲೆಯ ಹೆಸರು ರಾಜ್ಯದ ಬಾಯಲ್ಲೆಲ್ಲ ಓಡಾಡಿ, ಆ ನೌಕರರ ಸಂಸಾರಗಳೂ ಅವರೊಡನೆ ಓಡಾಡಿದವರ ಸಂಸಾರಗಳೂ ಕ್ವಾರಂಟೈನಿಗೆ ಒಳಗಾದುವು. ಕೈಯ ಮೇಲೆ ಮುದ್ರೆ, ಮನೆಯ ಬಾಗಿಲಿಗೆ ಚೀಟಿ, ಎದುರುಮನೆಯವರ ಮುಚ್ಚಿದ ಕಿಟಕಿ. ನಿನ್ನೆಯವರೆಗೆ ಕೂಡಿ ಆಡಿದ ಗೆಳೆಯನ ಮನೆಯ ಕಡೆ ಇಂದು ತಿರುಗಿಯೂ ನೋಡಕೂಡದೆಂದು ದೊಡ್ಡವರು ಗದರಿಸಿದುದು ಏಕೆಂಬುದು ಎಂಟು ವರ್ಷದ ಹುಡುಗನಿಗೆ ಹೇಗೆ ತಿಳಿಯಬೇಕು? ರೋಗಾಣುವೆಂಬುದು ಅವನ ಕಣ್ಣಿಗೆ ಬೀಳುವ ವಸ್ತುವಲ್ಲ; ಕಣ್ಣಿಗೆ ಬಿದ್ದುದು ಆ ಗೆಳೆಯ. ಭಯವು ರೋಗದಿಂದ ಜಾರಿ ಮನುಷ್ಯನ ಮೇಲೆ ಕುಳಿತುಕೊಂಡ ಬಗೆ ಇದು.

ಬಳಿಕ ಬಾಗಿಲುಗಳು ಒಂದೊಂದಾಗಿ ತೆರೆದ ಕ್ರಮವನ್ನು ಸ್ವಲ್ಪ ಸಾವಕಾಶವಾಗಿ ನೋಡಬೇಕು. 2020ರ ಮೇ 4ರಂದು ಮದ್ಯದಂಗಡಿಗಳು ತೆರೆದುವು. ಜೂನ್ 8ರಂದು ದೇವಾಲಯಗಳೂ ಹೋಟೆಲುಗಳೂ ಮಾಲ್‌ಗಳೂ ತೆರೆದುವು. ನಮ್ಮ ಚಾಮರಾಜೇಂದ್ರ ಮೃಗಾಲಯವೂ ಆಗಲೇ ಪ್ರೇಕ್ಷಕರಿಗೆ ಮುಕ್ತವಾಯಿತು. ಅಕ್ಟೋಬರ್‌ನಲ್ಲಿ ಸಿನಿಮಾ ಮಂದಿರಗಳಿಗೆ ಅನುಮತಿ ದೊರೆಯಿತು. 2021ರ ಮೊದಲ ದಿನ ಹತ್ತನೆಯ ತರಗತಿಯವರಿಗೂ ದ್ವಿತೀಯ ಪಿಯುಸಿಯವರಿಗೂ ತರಗತಿಗಳು ಆರಂಭವಾದುವು. ಎರಡನೆಯ ಅಲೆ ಬಂದು ಏಪ್ರಿಲ್ ಕೊನೆಯಲ್ಲಿ ಎಲ್ಲವೂ ಮತ್ತೆ ಮುಚ್ಚಿತು. ಜೂನ್ ಮೂರನೆಯ ವಾರದಲ್ಲಿ ರಾಜ್ಯದ ಇತರ ಜಿಲ್ಲೆಗಳಿಗೆ ಸಡಿಲಿಕೆ ದೊರೆತಾಗಲೂ ಸೋಂಕಿನ ಪ್ರಮಾಣ ಇಳಿಯದ ಮೈಸೂರು ಮಾತ್ರ ನಿರ್ಬಂಧದಲ್ಲಿಯೇ ಉಳಿಯಿತು. ಆಗಸ್ಟ್ 23ರಂದು ಒಂಬತ್ತರಿಂದ ಹನ್ನೆರಡರವರೆಗಿನ ತರಗತಿಗಳು, ಸೆಪ್ಟೆಂಬರ್ 6ರಂದು ಆರರಿಂದ ಎಂಟು, ಅಕ್ಟೋಬರ್ 25ರಂದು ಒಂದರಿಂದ ಐದು, ನವೆಂಬರ್ 8ರಂದು ಅಂಗನವಾಡಿಗಳೂ ಎಲ್‌ಕೆಜಿ ಯುಕೆಜಿಗಳೂ. ಈ ಪಟ್ಟಿಯ ಕಟ್ಟಕಡೆಯಲ್ಲಿ ನಿಂತಿರುವವರು ಯಾರು? ಅತ್ಯಂತ ಚಿಕ್ಕವರು. ಅವರನ್ನು ಕಾಪಾಡುವ ಸದುದ್ದೇಶವೇ ಇದರ ಹಿಂದೆ ಇದ್ದಿತೆಂಬುದನ್ನು ನಾನು ಒಪ್ಪುತ್ತೇನೆ. ಲಸಿಕೆಯಿಲ್ಲದ ಮಗುವನ್ನು ಶಾಲೆಗೆ ಕಳುಹಿಸಲು ತಾಯಂದಿರೇ ಅಂಜಿದುದೂ ಸುಳ್ಳಲ್ಲ. ಆದರೆ ವಯಸ್ಕರ ವ್ಯಾಪಾರ, ಉತ್ಸವ, ವಿನೋದಗಳೆಲ್ಲಕ್ಕೂ ಒಂದಲ್ಲ ಒಂದು ಉಪಾಯವನ್ನು ಕಂಡುಕೊಂಡ ಸಮಾಜವು, ಆರು ವರ್ಷದವರು ಮರದ ಕೆಳಗೆ ಒಂದು ಗಂಟೆಯ ಹೊತ್ತು ಕೂಡಿ ಕುಳಿತುಕೊಳ್ಳುವುದಕ್ಕೆ ಅಷ್ಟೇ ಶ್ರಮಪಟ್ಟು ಉಪಾಯ ಹುಡುಕಿತೆಂದು ಹೇಳಲು ನನ್ನ ಮನಸ್ಸು ಒಪ್ಪದು.

ಮಗುವಿನ ಮನಸ್ಸಿಗೆ ಕ್ಷೇಮವೆನಿಸುವುದು ಯಾವುದು? ಮುಖ್ಯವಾಗಿ ಎರಡು: ನಾಳೆ ಏನಾಗುವುದೆಂಬುದು ಇಂದೇ ತಿಳಿದಿರುವುದು, ಮತ್ತು ಸುತ್ತಣ ಹಿರಿಯರ ಮುಖದಲ್ಲಿ ಭೀತಿ ಕಾಣದಿರುವುದು. ಬೆಳಗ್ಗೆ ಎದ್ದು, ಸ್ನಾನ ಮಾಡಿ, ಸಮವಸ್ತ್ರ ತೊಟ್ಟು, ಗಂಟೆ ಹೊಡೆಯುವುದರೊಳಗೆ ಶಾಲೆ ಸೇರುವ ದಿನಚರಿ ನಮಗೆ ಕಟ್ಟಳೆಯಂತೆ ತೋರಿದರೂ, ಕಾಲವನ್ನು ಇನ್ನೂ ಅಳೆಯಲಾರದ ಮಗುವಿಗೆ ಅದೇ ಆಧಾರ. ಅದು ಕಳಚಿದಾಗ ದಿನಕ್ಕೆ ಆದಿಯಿಲ್ಲ, ಅಂತ್ಯವಿಲ್ಲ. ಇನ್ನು ಹಿರಿಯರ ಮುಖ: ಕೆಲಸ ಹೋದ ತಂದೆ, ಆಸ್ಪತ್ರೆಯಲ್ಲಿರುವ ಅಜ್ಜನ ಸುದ್ದಿಗಾಗಿ ಫೋನನ್ನೇ ನೋಡುತ್ತ ಕುಳಿತ ತಾಯಿ, ಹಗಲೆಲ್ಲ ಸಾವಿನ ಅಂಕಿಗಳನ್ನು ಸಾರುವ ಟಿವಿ, ಇವುಗಳ ನಡುವೆ ಬೆಳೆದ ಮಗುವಿಗೆ ಯಾರೂ ಬಾಯಿಬಿಟ್ಟು ಏನೂ ಹೇಳದಿದ್ದರೂ ಎಲ್ಲವೂ ತಿಳಿಯುತ್ತಿದ್ದಿತು; ತಿಳಿದುದಕ್ಕೆ ಹೆಸರಿಡುವ ಮಾತು ಮಾತ್ರ ಅದರ ಬಳಿ ಇರಲಿಲ್ಲ. ಇವೆರಡರ ಜೊತೆಗೆ ಮೂರನೆಯದೊಂದಿದೆ, ಅದನ್ನು ನಾವು ಬಹುಬೇಗ ಮರೆಯುತ್ತೇವೆ. ಸೋಲುವುದು, ಜಗಳವಾಡಿ ಠೂ ಬಿಡುವುದು, ಮರುದಿನ ರಾಜಿಯಾಗುವುದು, ತನ್ನ ಸರದಿಗಾಗಿ ಕಾಯುವುದು, ಈ ವಿದ್ಯೆಗಳನ್ನು ಯಾವ ತಾಯಿತಂದೆಯೂ ಮನೆಯಲ್ಲಿ ಕಲಿಸಲಾರರು, ಏಕೆಂದರೆ ಅವರು ಮಗುವಿಗೆ ಸಮಾನರಲ್ಲ. ಲಗೋರಿಯ ಕಲ್ಲುಗಳ ಸುತ್ತ, ಕುಂಟೇಬಿಲ್ಲೆಯ ಗೆರೆಗಳ ಮೇಲೆ, ಶಾಲೆಯ ನಲ್ಲಿಯ ಮುಂದಿನ ನೂಕುನುಗ್ಗಲಿನಲ್ಲಿ ಮಾತ್ರ ಅವು ಕೈಗೂಡುವುವು.

ಈ ಕೊರತೆ ಹೊರಗೆ ಕಾಣಿಸಿಕೊಂಡ ರೀತಿ ವಯಸ್ಸಿಗೆ ತಕ್ಕಂತೆ ಬೇರೆಬೇರೆಯಾಗಿದ್ದಿತು. ಮೂರು ನಾಲ್ಕು ವರ್ಷದವರು ಬಿಟ್ಟುಹೋಗಿದ್ದ ಅಭ್ಯಾಸಗಳಿಗೆ ಹಿಂದಿರುಗಿದರು: ಹಾಸಿಗೆಯಲ್ಲಿ ಮೂತ್ರ, ಬೆರಳು ಚೀಪುವುದು, ತಾಯಿ ಬಚ್ಚಲಿಗೆ ಹೋದರೂ ಬಾಗಿಲಲ್ಲಿ ನಿಂತು ಅಳುವುದು. ಏಳೆಂಟು ವರ್ಷದವರ ಆತಂಕ ಬಹುಪಾಲು ದೇಹದ ಭಾಷೆಯಲ್ಲಿ ಮಾತನಾಡುತ್ತದೆ. ಪರೀಕ್ಷಿಸಿದ ವೈದ್ಯನಿಗೆ ಯಾವ ದೋಷವೂ ಕಾಣದ ಹೊಟ್ಟೆನೋವು, ತಲೆನೋವು, ನಡುರಾತ್ರಿ ಬೆಚ್ಚಿ ಏಳುವುದು, ನಿಷ್ಕಾರಣವಾಗಿ ಕೈಗೆ ಸಿಕ್ಕಿದುದನ್ನು ಎಸೆಯುವುದು. ನಮ್ಮ ಮನೆಗಳಲ್ಲಿ ಇವಕ್ಕೆಲ್ಲ ಸಿದ್ಧವಾದ ಮಾತುಗಳಿವೆ: ‘ಹಠ ಜಾಸ್ತಿಯಾಗಿದೆ’, ‘ಮೊಬೈಲ್ ಕೊಡದಿದ್ರೆ ಊಟ ಮಾಡಲ್ಲ’, ‘ಯಾಕೋ ಮಂಕಾಗಿದಾಳೆ’, ‘ಯಾರ ಜೊತೆಗೂ ಸೇರಲ್ಲ’. ದೃಷ್ಟಿಯಾಗಿದೆಯೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ ಅಜ್ಜಿಯರನ್ನು ನಾನು ಹಳಿಯುವುದಿಲ್ಲ; ಮಗುವಿಗೆ ಏನೋ ಆಗಿದೆಯೆಂಬುದನ್ನಾದರೂ ಅವರು ಕಂಡುಕೊಂಡಿದ್ದರು, ಅದನ್ನು ಮಡಿಲಲ್ಲಿ ಕೂರಿಸಿಕೊಂಡು ತಲೆ ಸವರಿದ್ದರು. ಹಠವೆಂದು ಕರೆದು ಎರಡು ಏಟು ಬಿಗಿದ ಮನೆಗಳಲ್ಲಿ ಆದ ಹಾನಿ ಅದಕ್ಕಿಂತ ಹೆಚ್ಚಿನದು.

ಮೈಸೂರಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳದೆ ಮುಂದುವರಿಯಲಾಗದು. ಮಾನಸಗಂಗೋತ್ರಿಯ ಮಗ್ಗುಲಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ, ಕಿವಿ ಕೇಳದ ಅಥವಾ ಮಾತು ತಡವಾದ ಮಕ್ಕಳನ್ನು ಎತ್ತಿಕೊಂಡು ದೂರದ ಊರುಗಳಿಂದಲೂ ತಾಯಂದಿರು ಬರುತ್ತಾರೆ. ಆ ತರಬೇತಿಯ ಮರ್ಮವಿರುವುದು ಸಾನ್ನಿಧ್ಯದಲ್ಲಿ. ಮಗು ಕಲಿಸುವವಳ ತುಟಿಗಳನ್ನು ನೋಡಬೇಕು, ಗಂಟಲ ಮೇಲೆ ಕೈಯಿಟ್ಟು ಧ್ವನಿಯ ಕಂಪನವನ್ನು ಅರಿಯಬೇಕು, ಪಕ್ಕದ ಮಗುವಿನ ಪ್ರಯತ್ನವನ್ನು ಕಂಡು ತಾನೂ ಪ್ರಯತ್ನಿಸಬೇಕು. ದೂರದಿಂದಲೇ ತರಬೇತಿ ನೀಡುವ ಏರ್ಪಾಡುಗಳಾದುವು, ಅನೇಕರಿಗೆ ಅದರಿಂದ ಉಪಕಾರವೂ ಆಯಿತು. ಆದರೆ ಮಾತಿನ ಕಲಿಕೆಗೆ ಮೀಸಲಾದ ಮೊದಲ ಐದು ವರ್ಷಗಳು ಯಾವ ರೋಗಕ್ಕಾಗಿಯೂ ನಿಂತು ಕಾಯುವುದಿಲ್ಲ. ಹೊರಗೆ ಹೊರಟರೆ ಎಲ್ಲರ ಬಾಯಿಗೂ ಮಾಸ್ಕು. ತುಟಿಯನ್ನು ಓದಿಯೇ ಲೋಕವನ್ನು ತಿಳಿಯುವ ಮಗುವಿಗೆ ಅದು ಎಷ್ಟು ದೊಡ್ಡ ಗೋಡೆಯಾಗಿರಬೇಕು!

ಹದಿಹರೆಯದವರ ಪಾಡು ಇನ್ನೊಂದು ಬಗೆಯದು. ಮನೆಯಿಂದ ಮೆಲ್ಲಮೆಲ್ಲನೆ ಹೊರಗೆ ಕಾಲಿಡುವುದೇ ಆ ವಯಸ್ಸಿನ ಧರ್ಮ; ಮಹಾರಾಜ ಕಾಲೇಜಿನ ಮೈದಾನದಲ್ಲಿ ಕ್ರಿಕೆಟ್ಟು, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸ್ನೇಹಿತರೊಡನೆ ಹರಟೆ, ಬೇಸಗೆಯಲ್ಲಿ ಚಾಮುಂಡಿಬೆಟ್ಟದ ಮೆಟ್ಟಿಲು, ಇವೆಲ್ಲ ಆ ಹೊರಗಾಲಿನ ಹೆಜ್ಜೆಗಳು. ಅವುಗಳನ್ನೆಲ್ಲ ಒಮ್ಮೆಗೇ ಕಿತ್ತುಕೊಂಡುದರ ಜೊತೆಗೆ ಪರೀಕ್ಷೆಯ ಅನಿಶ್ಚಯವೊಂದನ್ನು ನಾವು ಅವರ ತಲೆಯ ಮೇಲೆ ತೂಗಹಾಕಿದೆವು. 2020ರ ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಯುವುದೋ ಇಲ್ಲವೋ ಎಂಬ ಚರ್ಚೆ ಮೂರು ತಿಂಗಳು ನಡೆದು, ಜೂನ್ 25ರಿಂದ ರಾಜ್ಯಾದ್ಯಂತ ಸುಮಾರು 8.5 ಲಕ್ಷ ಮಕ್ಕಳು ಮಾಸ್ಕು ಧರಿಸಿ, ಹಣೆಗೆ ಉಷ್ಣಮಾಪಕ ಹಿಡಿಸಿಕೊಂಡು ಪರೀಕ್ಷೆ ಬರೆದರು. ಮರುವರ್ಷ ದ್ವಿತೀಯ ಪಿಯುಸಿ ಪರೀಕ್ಷೆಯೇ ರದ್ದಾಯಿತು. ಎಸ್‌ಎಸ್‌ಎಲ್‌ಸಿಯನ್ನು ಜುಲೈ 19 ಮತ್ತು 22, ಎರಡೇ ದಿನಗಳಲ್ಲಿ ಬಹು ಆಯ್ಕೆಯ ಪ್ರಶ್ನೆಗಳಿಂದ ಮುಗಿಸಲಾಯಿತು. ಪರೀಕ್ಷೆಯನ್ನು ನಡೆಸಿದುದು ಸರಿಯೆ, ತಪ್ಪೆ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಕಷ್ಟವನ್ನು ಎಳೆಯರು ನಾವು ತಿಳಿದುದಕ್ಕಿಂತ ಚೆನ್ನಾಗಿ ಸಹಿಸುತ್ತಾರೆ, ಆದರೆ ಕಷ್ಟ ಬರುವುದೋ ಬಾರದೋ ಎಂದು ಕಾಯುವುದನ್ನು ಸಹಿಸಲಾರರು. ಆ ತಿಂಗಳುಗಳಲ್ಲಿ ನಿದ್ರೆಗೆಟ್ಟವರನ್ನು ಯಾರೂ ಎಣಿಸಲಿಲ್ಲ.

ಆನ್‌ಲೈನ್ ಪಾಠದ ಕಥೆಯೂ ಹೀಗೆಯೇ ತೊಡಕಿನದು. 2020ರ ಜೂನ್‌ನಲ್ಲಿ ಸರ್ಕಾರವು ಕೆಳಗಿನ ತರಗತಿಗಳಿಗೆ ಅದನ್ನು ನಿಷೇಧಿಸಿತು. ಜುಲೈ 8ರಂದು ಉಚ್ಚ ನ್ಯಾಯಾಲಯವು, ಶಿಕ್ಷಣವು ಮಗುವಿನ ಮೂಲಭೂತ ಹಕ್ಕೆಂಬುದನ್ನು ಮುಂದಿಟ್ಟುಕೊಂಡು, ಆ ನಿಷೇಧಕ್ಕೆ ತಡೆಯಾಜ್ಞೆ ನೀಡಿತು. ಎರಡು ಕಡೆಯಲ್ಲೂ ಮಕ್ಕಳ ಹಿತವೇ ಆಧಾರ. ವಾಸ್ತವದಲ್ಲಾದರೋ, ಕುವೆಂಪುನಗರದ ಮಗು ತನ್ನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಳಿತು ದಣಿದರೆ, ಕೇಸರೆಯ ಮನೆಯೊಂದರಲ್ಲಿದ್ದ ಒಂದೇ ಫೋನು ಬೆಳಗ್ಗೆ ತಂದೆಯೊಡನೆ ಕೆಲಸಕ್ಕೆ ಹೊರಟು, ಸಂಜೆ ಮೂವರು ಮಕ್ಕಳ ನಡುವೆ ಜಗಳಕ್ಕೆ ಕಾರಣವಾಗುತ್ತಿದ್ದಿತು. ಪರದೆಯ ಮೇಲೆ ನಲವತ್ತು ಚಿಕ್ಕಚಿಕ್ಕ ಚೌಕಗಳು. ಅವುಗಳಲ್ಲಿ ಮುಖಗಳಿದ್ದುವು, ಸಹವಾಸವಿರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಜನರನ್ನು ಮುಟ್ಟಬಲ್ಲ ಸಾಧನವೆಂದು ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಿತ್ತರವಾದುವು. ಈ ಸಂದರ್ಭದಲ್ಲಿ ನನಗೆ ನೆನಪಾಗುವವರು ಎಂ. ವಿ. ಗೋಪಾಲಸ್ವಾಮಿಯವರು. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿ ಬಂದು, 1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಆ ಶಾಸ್ತ್ರದ ವಿಭಾಗವನ್ನೂ ಪ್ರಯೋಗಶಾಲೆಯನ್ನೂ ಕಟ್ಟಿದವರು ಅವರೇ. 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿಯ ಪ್ರಸಾರವನ್ನಾರಂಭಿಸಿ ‘ಆಕಾಶವಾಣಿ’ಯನ್ನು ಈ ನಾಡಿಗೆ ಕೊಟ್ಟವರೂ ಅವರೇ. ಮನಸ್ಸಿನ ಶಾಸ್ತ್ರವೂ ದೂರದ ಕಿವಿಗೆ ಮಾತು ಮುಟ್ಟಿಸುವ ಯಂತ್ರವೂ ಒಬ್ಬರ ಚಿಂತನೆಯಲ್ಲಿ ಒಂದಾಗಿದ್ದ ಊರು ಇದು. ಆದರೆ ಕೊರೋನಾದ ಎರಡು ವರ್ಷಗಳಲ್ಲಿ ಇಲ್ಲಿಯೂ ಪ್ರಸಾರವಾದುದು ಗಣಿತ, ವಿಜ್ಞಾನ, ಭಾಷೆ. ‘ನಿನಗೆ ಭಯವಾಗುತ್ತಿದೆಯೇ ಮಗು, ಭಯವಾಗುವುದು ಸಹಜ’ ಎಂದು ನಿತ್ಯವೂ ಹತ್ತು ನಿಮಿಷ ಮಕ್ಕಳೊಡನೆಯೇ ಮಾತನಾಡುವ ಒಂದು ಆಪ್ತ ಧ್ವನಿಗೂ ಅಷ್ಟೇ ಅವಶ್ಯಕತೆಯಿದ್ದಿತು.

ನಡೆದ ಪ್ರಯತ್ನಗಳಲ್ಲಿ ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದುದು 2020ರ ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’. ಶಾಲೆಗೆ ಮಕ್ಕಳು ಬರಲಾರರೆಂದು ಮೇಷ್ಟ್ರುಗಳೇ ಮಕ್ಕಳಿದ್ದಲ್ಲಿಗೆ ಹೊರಟರು. ದೇವಸ್ಥಾನದ ಪ್ರಾಕಾರ, ಅರಳಿಕಟ್ಟೆ, ಸಮುದಾಯ ಭವನ, ಸಿಕ್ಕಿದ ಜಾಗವೇ ಪಾಠಶಾಲೆ. ಪಾಠ ಎಷ್ಟು ನಡೆಯಿತೋ, ಅದು ಮುಖ್ಯವಲ್ಲ. ತಿಂಗಳುಗಳ ಮೇಲೆ ಮಕ್ಕಳು ಮಕ್ಕಳನ್ನು ಕಂಡರು, ಮನೆಯವರಲ್ಲದ ಒಬ್ಬ ಹಿರಿಯರು ಅವರ ಹೆಸರು ಹಿಡಿದು ಕೂಗಿದರು. ಮನೆಯಲ್ಲಿ ಏಟು ತಿನ್ನುವ ಮಗುವನ್ನೂ, ಮದುವೆಯ ಮಾತು ಬಂದಿರುವ ಹುಡುಗಿಯನ್ನೂ, ಹೊಟ್ಟೆಗಿಲ್ಲದೆ ಬಾಡಿದ ಮುಖವನ್ನೂ ಗುರುತಿಸುವ ಕಣ್ಣು ಬಹುತೇಕ ಇಂಥ ಮೇಷ್ಟ್ರದೇ ಆಗಿರುತ್ತದೆ. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿತೆಂಬ ವರದಿಗಳು ಬಂದು ಅಕ್ಟೋಬರ್‌ನಲ್ಲಿ ಅದು ನಿಂತುಹೋಯಿತು. 2021ರ ಜನವರಿಯಲ್ಲಿ ಮರಳಿ ಆರಂಭವಾಯಿತು. ಆ ದುಡಿಮೆಯಲ್ಲಿ ಪ್ರಾಣವನ್ನೇ ತೆತ್ತ ಶಿಕ್ಷಕರಿಗೆ ಈ ನಾಡು ಋಣಿಯಾಗಿದೆ.

ಎಲ್ಲ ಮನೆಗಳೂ ಒಂದೇ ತೆರನಾಗಿ ಬಳಲಿದುವೆಂದಲ್ಲ. ಜಗಲಿಯೂ ಹಿತ್ತಲೂ ಅಜ್ಜ ಅಜ್ಜಿಯರೂ ಇದ್ದ ಅಗ್ರಹಾರದ ಹಳೆಯ ಮನೆಗಳಲ್ಲಿ ಅಟ್ಟದ ಮೇಲಿನ ಅಳಗುಳಿಮಣೆ ಕೆಳಗಿಳಿಯಿತು, ಚೌಕಾಬಾರದ ಮನೆಗಳನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಮೈಸೂರಿಗೆ ಇದು ಅಪರಿಚಿತವೂ ಅಲ್ಲ. 1831ರಲ್ಲಿ ರಾಜ್ಯಾಧಿಕಾರವನ್ನು ಬ್ರಿಟಿಷರಿಗೆ ಒಪ್ಪಿಸಬೇಕಾಗಿ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ವಿರಾಮವನ್ನು ಮಣೆಯಾಟಗಳ ರಚನೆಯಲ್ಲಿಯೂ ವಿನಿಯೋಗಿಸಿ, ಅವುಗಳಿಗಾಗಿ ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿಯೆಂಬ ಭಾಗವನ್ನೇ ಮೀಸಲಿಟ್ಟರು. ಶಾಲೆಯಲ್ಲಿ ಸಹಪಾಠಿಗಳ ಕೀಟಲೆಗೆ ಗುರಿಯಾಗುತ್ತಿದ್ದ ಕೆಲವು ಮಕ್ಕಳಿಗೆ ಮನೆಯೇ ನೆಮ್ಮದಿಯ ತಾಣವಾಯಿತೆಂಬುದನ್ನೂ ಮರೆಯಬಾರದು. ಅವರಿಗೆ ಕಷ್ಟ ಆರಂಭವಾದುದು ಶಾಲೆ ತೆರೆದ ಮೇಲೆ. ಆದರೆ ಒಂದೇ ಕೋಣೆಯಲ್ಲಿ ಆರು ಜನರು ಬಾಳುವ ಕಡೆ ಹಿತ್ತಲೆಲ್ಲಿ, ಅಳಗುಳಿಮಣೆಯೆಲ್ಲಿ? ಅಲ್ಲಿ ಹನ್ನೆರಡರ ಹುಡುಗಿ ತಮ್ಮಂದಿರಿಗೆ ತಾಯಾದಳು, ಹದಿಮೂರರ ಹುಡುಗ ತಳ್ಳುಗಾಡಿಯಲ್ಲಿ ತರಕಾರಿ ಮಾರಿದ. ಬೇಸಗೆಯಲ್ಲಿ ನೂರಾರು ಮಕ್ಕಳನ್ನು ಕೂಡಿಸಿ ಆಡಿಸಿ ಹಾಡಿಸುವ ರಂಗಾಯಣದ ಚಿಣ್ಣರ ಮೇಳವೂ 2020ರಲ್ಲಿ ನಡೆಯಲಿಲ್ಲ. ಅದೇ ವರ್ಷದ ದಸರೆಯಲ್ಲಿ ಆನೆ ಅಭಿಮನ್ಯು ಮೊದಲ ಬಾರಿಗೆ ಚಿನ್ನದ ಅಂಬಾರಿಯನ್ನು ಹೊತ್ತು ಅರಮನೆಯ ಆವರಣದೊಳಗೆಯೇ ಸುತ್ತು ಬಂದ. ಸಯ್ಯಾಜಿರಾವ್ ರಸ್ತೆಯಲ್ಲಿ ತಂದೆಯ ಹೆಗಲೇರಿ ಆನೆ ನೋಡುವ ಮಕ್ಕಳಾರೂ ಅಂದು ಬೀದಿಯಲ್ಲಿರಲಿಲ್ಲ.

2021ರ ಏಪ್ರಿಲ್ ಮೇ ತಿಂಗಳುಗಳ ಎರಡನೆಯ ಅಲೆ ಇದೆಲ್ಲಕ್ಕೂ ಮಿಗಿಲಾದ ಗಾಯವನ್ನು ಮಾಡಿತು. ಆಂಬುಲೆನ್ಸ್ ಹತ್ತಿ ಹೋದ ತಾಯಿ ಮರಳಿ ಬರಲಿಲ್ಲ. ಮುಖ ಕಾಣಲಿಲ್ಲ, ದೇಹ ಮನೆಗೆ ಬರಲಿಲ್ಲ, ಬಂಧುಗಳು ಬಂದು ಅಳಲಿಲ್ಲ. ನಮ್ಮ ಹಿರಿಯರು ಸಾವಿನ ಸುತ್ತ ಕಟ್ಟಿದ ಆಚಾರಗಳಲ್ಲಿ, ಹೆಣದ ಮುಂದೆ ಕುಳಿತು ಅಳುವುದರಲ್ಲಿ, ಹನ್ನೊಂದನೆಯ ದಿನ, ಹದಿಮೂರನೆಯ ದಿನ ಎಂದು ದುಃಖಕ್ಕೆ ಮೆಟ್ಟಿಲುಗಳನ್ನು ಮಾಡಿಕೊಟ್ಟುದರಲ್ಲಿ, ಒಂದು ಗಂಭೀರವಾದ ಮನೋಜ್ಞಾನವಿದೆಯೆಂದು ನಾನು ನಂಬುತ್ತೇನೆ. ಸತ್ತವರು ನಿಜವಾಗಿಯೂ ಸತ್ತರೆಂಬುದನ್ನು ಉಳಿದವರ ಮನಸ್ಸಿಗೆ ಅವು ಮೆಲ್ಲನೆ ತಿಳಿಸುತ್ತವೆ. ಆ ಮೆಟ್ಟಿಲುಗಳಿಲ್ಲದೆ ನೇರವಾಗಿ ಪಾತಾಳಕ್ಕೆ ಬಿದ್ದ ಮಗು, ತಾಯಿ ಇನ್ನೂ ಆಸ್ಪತ್ರೆಯಲ್ಲಿಯೇ ಇದ್ದಾಳೆಂದು ನಂಬಿದರೆ, ಅಥವಾ ತಾನು ಆಟಕ್ಕೆ ಹೊರಗೆ ಹೋದುದರಿಂದಲೇ ಮನೆಗೆ ರೋಗ ಬಂದಿತೆಂದು ಯಾರಿಗೂ ಹೇಳದೆ ಒಳಗೊಳಗೇ ನವೆದರೆ ಆಶ್ಚರ್ಯವೇನು? ಈ ಎರಡನೆಯ ಭಾವವನ್ನು ಮಕ್ಕಳ ವೈದ್ಯರು ಚೆನ್ನಾಗಿ ಬಲ್ಲರು. ಎಳೆಯ ಬುದ್ಧಿ ಲೋಕದ ಅನಾಹುತಗಳಿಗೆಲ್ಲ ತನ್ನನ್ನೇ ಕಾರಣವಾಗಿ ಕಲ್ಪಿಸಿಕೊಳ್ಳುತ್ತದೆ. ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡವರಿಗೆ ‘ಬಾಲ ಸೇವಾ’ ಯೋಜನೆಯಲ್ಲಿ ತಿಂಗಳಿಗೆ 3,500 ರೂಪಾಯಿಗಳ ನೆರವನ್ನು ಸರ್ಕಾರ ಘೋಷಿಸಿತು. ಅದು ಅಗತ್ಯವಾಗಿ ಆಗಬೇಕಾಗಿದ್ದ ಕೆಲಸ. ಆ ಮಕ್ಕಳ ತಪ್ಪೇನೂ ಇಲ್ಲವೆಂದು ಅವರಿಗೆ ಮತ್ತೆಮತ್ತೆ, ವರ್ಷಗಳವರೆಗೆ, ಹೇಳಬೇಕಾದವರು ಬೇರೆ ಬೇಕು.

ಇವು ಬರಿಯ ಭಾವುಕತೆಯ ಮಾತುಗಳಲ್ಲವೆಂಬುದಕ್ಕೆ ಲೋಕದ ಬೇರೆ ಕಡೆಗಳ ಸಾಕ್ಷ್ಯವೂ ಇದೆ. 2021ರಲ್ಲಿ ಪ್ರಕಟವಾದ ಒಂದು ಸಮಗ್ರ ವಿಶ್ಲೇಷಣೆ, ನಾನಾ ದೇಶಗಳ 29 ಅಧ್ಯಯನಗಳ 80,000ಕ್ಕೂ ಮಿಕ್ಕ ಎಳೆಯರ ವಿವರಗಳನ್ನು ಕ್ರೋಡೀಕರಿಸಿ, ನಾಲ್ವರಲ್ಲಿ ಒಬ್ಬರಿಗೆ ಖಿನ್ನತೆಯ, ಐವರಲ್ಲಿ ಒಬ್ಬರಿಗೆ ಆತಂಕದ ಲಕ್ಷಣಗಳಿದ್ದುವೆಂದು ಕಂಡಿತು. ಇದು ರೋಗಕ್ಕೆ ಮುಂಚಿನ ಪ್ರಮಾಣದ ಇಮ್ಮಡಿ. ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು, ನೂರಕ್ಕೆ 92 ಮಂದಿ ಭಾಷೆಯಲ್ಲಿಯೂ 82 ಮಂದಿ ಗಣಿತದಲ್ಲಿಯೂ ಹಿಂದೆ ಕಲಿತ ಒಂದಾದರೂ ಸಾಮರ್ಥ್ಯವನ್ನು ಕಳೆದುಕೊಂಡಿದ್ದರೆಂದು ತಿಳಿಸಿತು. ಈ ಎರಡನೆಯ ನಷ್ಟವನ್ನು ತುಂಬಲು 2022ರಲ್ಲಿ ‘ಕಲಿಕಾ ಚೇತರಿಕೆ’ ಬಂದಿತು; ಮೊದಲನೆಯದಕ್ಕೆ ಅಷ್ಟು ವ್ಯಾಪಕವಾದ ಏರ್ಪಾಡು ಬರಲಿಲ್ಲ. ಅಕ್ಷರ ಮರೆತುದು ಎಲ್ಲರಿಗೂ ಕಾಣುತ್ತದೆ. ಆದರೆ ಓದಲು ತಿಳಿದೂ ಬಾಯಿ ತೆರೆಯದೆ ಹಿಂದಿನ ಬೆಂಚಿನಲ್ಲಿ ಮುದುಡಿ ಕುಳಿತ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ. ಇವು ಎರಡು ಸಮಸ್ಯೆಗಳಲ್ಲ, ಒಂದೇ. ಹೆದರಿದ ಮನಸ್ಸಿಗೆ ಮಗ್ಗಿ ಹತ್ತುವುದಿಲ್ಲ.

ಸಹಾಯ ಕೇಳುವ ಅಭ್ಯಾಸವೇ ನಮ್ಮಲ್ಲಿ ಕಡಮೆ. ಯುನಿಸೆಫ್ 2021ರಲ್ಲಿ ಪ್ರಕಟಿಸಿದಂತೆ, ಮಾನಸಿಕ ಕಷ್ಟಕ್ಕೆ ಇತರರ ನೆರವು ಪಡೆಯುವುದು ಒಳ್ಳೆಯದೆಂದು ಹೇಳಿದ ಹದಿನೈದರಿಂದ ಇಪ್ಪತ್ತನಾಲ್ಕರ ವಯಸ್ಸಿನವರು 21 ದೇಶಗಳಲ್ಲಿ ಸರಾಸರಿ ನೂರಕ್ಕೆ 83 ಮಂದಿಯಾದರೆ, ಭಾರತದಲ್ಲಿ 41 ಮಂದಿ ಮಾತ್ರ. ‘ಹುಚ್ಚಾಸ್ಪತ್ರೆ’ಯೆಂಬ ಹಳೆಯ ಮಾತಿನ ಕಳಂಕವು ಮನೋವೈದ್ಯರ ಬಾಗಿಲಲ್ಲಿ ಇನ್ನೂ ನಿಂತಿದೆ, ಹೆಣ್ಣುಮಗುವಾದರೆ ಮುಂದೆ ಮದುವೆಗೆ ತೊಡಕಾದೀತೆಂಬ ಅಂಜಿಕೆ ಬೇರೆ. ಆದುದರಿಂದ ಫೋನಿನ ಮೂಲಕ ಹೆಸರು ಹೇಳದೆ ಮಾತನಾಡುವ ಅನುಕೂಲವನ್ನು ನಾನು ಚಿಕ್ಕದೆಂದು ಎಣಿಸುವುದಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆಯ 14416 ಎಂಬ ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಆಪತ್ತಿನಲ್ಲಿರುವ ಮಕ್ಕಳಿಗೆ 1098 ಇದೆ. ಈ ಎರಡು ಸಂಖ್ಯೆಗಳು ಪ್ರತಿ ಶಾಲೆಯ ಗೋಡೆಯ ಮೇಲೆ, ಮಕ್ಕಳ ಕಣ್ಣಿನ ಎತ್ತರಕ್ಕೆ, ದೊಡ್ಡ ಅಕ್ಷರಗಳಲ್ಲಿ ಬರೆದಿರಬೇಕು.

2020ರ ಜೂನ್‌ನಲ್ಲಿ ಒಂದನೆಯ ತರಗತಿಗೆ ಹೆಸರು ದಾಖಲಾದ ಮಗು, ಅಕ್ಷರಾಭ್ಯಾಸದ ಆ ವರ್ಷವನ್ನು ಶಾಲೆಯ ಹೊರಗೇ ಕಳೆದು, ತರಗತಿಯೊಳಗೆ ಕಾಲಿಡುವ ಹೊತ್ತಿಗೆ ಎರಡನೆಯ ತರಗತಿಯಲ್ಲಿದ್ದಿತು. ಆ ಮಕ್ಕಳು ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರುವುದು 2030ರಲ್ಲಿ. ಆವರೆಗೂ ಅವರ ಜೊತೆಜೊತೆಗೆ ನಡೆಯಲು ಬೇಕಾಗಿರುವುದು ಅಸಾಧ್ಯವಾದುದೇನಲ್ಲ: ಒಂದೊಂದು ಕ್ಲಸ್ಟರಿನ ಶಾಲೆಗಳಿಗೂ ಮಕ್ಕಳ ಮನಸ್ಸನ್ನು ಅರಿತ ಒಬ್ಬ ಆಪ್ತಸಮಾಲೋಚಕ, ಪ್ರತಿ ಶಿಕ್ಷಕನಿಗೂ ಕೆಲವು ದಿನಗಳ ತರಬೇತಿ, ವೇಳಾಪಟ್ಟಿಯಲ್ಲಿ ಯಾವ ಗಣಿತದ ಮೇಷ್ಟರೂ ಕಸಿದುಕೊಳ್ಳಲಾಗದ ಆಟದ ಒಂದು ಪೀರಿಯಡ್ಡು, ಮತ್ತು ಆ ಎರಡು ವರ್ಷಗಳಲ್ಲಿ ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಮಕ್ಕಳು ಯಾವ ಯಾವ ತರಗತಿಯಲ್ಲಿದ್ದಾರೆಂಬುದು ಮುಖ್ಯೋಪಾಧ್ಯಾಯರಿಗೆ ತಿಳಿದಿರುವುದು. ಮಾನಸಗಂಗೋತ್ರಿಯ ಮನಶ್ಶಾಸ್ತ್ರ ವಿಭಾಗವೂ, ಎರಡು ವೈದ್ಯಕೀಯ ಕಾಲೇಜುಗಳೂ, ವಾಕ್ ಶ್ರವಣ ಸಂಸ್ಥೆಯೂ ಕೆಲವೇ ಕಿಲೋಮೀಟರುಗಳ ಅಂತರದಲ್ಲಿರುವ ಈ ಊರಿನಲ್ಲಿ ಇದನ್ನು ಮುಂದಿನ ಜೂನ್ ತಿಂಗಳಲ್ಲಿಯೇ ಆರಂಭಿಸಬಹುದು.